ಸರ್ಕಾರಿ ವ್ಯವಸ್ಥೆಯಲ್ಲಿ ಹಲ್ಲಿನ ಚಿಕಿತ್ಸೆ: ಕರ್ನಾಟಕದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಲ್ಲುನೋವು ಬಂದ ರಾತ್ರಿ ಮಾತ್ರ ನೆನಪಾಗುವ ವಿಷಯವಿದು. ಹೀಗಾಗಿ ಸರ್ಕಾರಿ ವೆಚ್ಚದಲ್ಲಿ ಏನು ಸಿಗುತ್ತದೆ, ಎಲ್ಲಿ ಸಿಗುತ್ತದೆ ಎಂದು ಮೊದಲೇ ವಿಚಾರಿಸಿಟ್ಟುಕೊಂಡಿರುವವರು ಕಡಿಮೆ. ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಮನೆಯ ಹಿರಿಯರಿಗಾಗಿ, ಮಕ್ಕಳಿಗಾಗಿ ಓಡಾಡುವವರು ಕೇಳುವಂಥವು.

ಸರ್ಕಾರಿ ದಂತವೈದ್ಯರು ಎಲ್ಲಿರುತ್ತಾರೆ? ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾರೂ ಇಲ್ಲವಲ್ಲ?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ದಂತವೈದ್ಯರ ಹುದ್ದೆ ಇರುವುದಿಲ್ಲ. ಅಲ್ಲಿನ ವೈದ್ಯಾಧಿಕಾರಿ ನೋವಿಗೆ, ಬಾವಿಗೆ ಮಾತ್ರೆ ಬರೆದುಕೊಟ್ಟು ಮುಂದಿನ ಆಸ್ಪತ್ರೆಗೆ ಕಳುಹಿಸಬಲ್ಲರೇ ಹೊರತು ಹಲ್ಲಿಗೆ ಕೈಹಾಕುವುದಿಲ್ಲ. ದಂತ ಆರೋಗ್ಯಾಧಿಕಾರಿ ಎಂಬ ಹುದ್ದೆ ಇರುವುದು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ, ಅಂದರೆ ಮೂವತ್ತು ಹಾಸಿಗೆಯ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆ ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ. ಇವುಗಳಿಗೂ ಮೇಲೆ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಗೆ ಹೊಂದಿಕೊಂಡಂತಿರುವ ಕಾಲೇಜು 1958ರಲ್ಲಿ ಆರಂಭವಾದದ್ದು; ಬಳ್ಳಾರಿಯಲ್ಲಿ ಇನ್ನೊಂದಿದೆ. ಕಲಬುರಗಿಯಲ್ಲಿ ಕಾರ್ಮಿಕರ ರಾಜ್ಯ ವಿಮಾ ನಿಗಮ ನಡೆಸುವ ದಂತ ಕಾಲೇಜು ಇದೆ.

ಹುದ್ದೆ ಇದೆ ಎಂದ ಮಾತ್ರಕ್ಕೆ ಆ ದಿನ ವೈದ್ಯರು ಕುರ್ಚಿಯ ಪಕ್ಕದಲ್ಲಿರುತ್ತಾರೆ ಎಂದು ತಿಳಿಯಬಾರದು. ಒಬ್ಬರೇ ಇರುವ ಕಡೆ ಶಿಬಿರ, ತರಬೇತಿ, ರಜೆ ಯಾವುದು ಬಂದರೂ ವಿಭಾಗಕ್ಕೆ ಬೀಗ ಬೀಳುತ್ತದೆ. ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬರುವವರು ಹಿಂದಿನ ದಿನವೇ ಆಶಾ ಕಾರ್ಯಕರ್ತೆಯ ಮೂಲಕವೋ ಆಸ್ಪತ್ರೆಗೆ ಫೋನ್ ಮಾಡಿಯೋ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಯಾವ ಹಂತದ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆ ಸಿಗುತ್ತದೆ?

ಸಮುದಾಯ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ತಪಾಸಣೆ, ಹಲ್ಲು ಕೀಳುವುದು, ಹುಳುಕು ಆಳಕ್ಕೆ ಇಳಿಯದಿದ್ದರೆ ಹಲ್ಲು ತುಂಬುವುದು, ಯಂತ್ರದಿಂದ ಪಾಚಿ ತೆಗೆದು ಹಲ್ಲು ಸ್ವಚ್ಛಗೊಳಿಸುವುದು, ಒಸಡಿನ ಬಾವಿಗೆ ಚಿಕಿತ್ಸೆ, ಇಷ್ಟನ್ನು ನಿರೀಕ್ಷಿಸಬಹುದು. ರೂಟ್ ಕೆನಾಲ್, ಅಂದರೆ ಹಲ್ಲಿನ ಬೇರಿನೊಳಗಿನ ನಾಳಗಳನ್ನು ಸ್ವಚ್ಛಗೊಳಿಸಿ ತುಂಬುವ ಚಿಕಿತ್ಸೆ, ಕೆಲವು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ನಡೆಯುತ್ತದೆ, ಹಲವು ಕಡೆ ನಡೆಯುವುದಿಲ್ಲ. ಅದರ ಮೇಲೆ ಕೂರಿಸುವ ಕ್ಯಾಪ್, ಹಲ್ಲು ಕಟ್ಟುವುದು, ಮೂಳೆಯೊಳಗೆ ಅಡ್ಡಲಾಗಿ ಸಿಕ್ಕಿಕೊಂಡ ಬುದ್ಧಿಹಲ್ಲನ್ನು ಕೊಯ್ದು ತೆಗೆಯುವುದು, ದವಡೆಯ ಶಸ್ತ್ರಚಿಕಿತ್ಸೆ ಇವೆಲ್ಲಕ್ಕೂ ದಂತ ಕಾಲೇಜೇ ನೆಚ್ಚಿನ ಜಾಗ. ಬುದ್ಧಿಹಲ್ಲು ನೇರವಾಗಿ ಮೂಡಿದ್ದರೆ ತಾಲ್ಲೂಕಿನಲ್ಲೇ ಕೀಳುತ್ತಾರೆ.

ನಮ್ಮ ಬಳಿ ಆಯುಷ್ಮಾನ್ ಕಾರ್ಡ್ ಇದೆ. ಐದು ಲಕ್ಷದವರೆಗೆ ಉಚಿತ ಎನ್ನುತ್ತಾರೆ. ಖಾಸಗಿ ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್‌ಗೆ ಅದು ನಡೆಯುತ್ತದೆಯೇ?

ನಡೆಯುವುದಿಲ್ಲ. ಅತಿ ಹೆಚ್ಚು ಜನರಿಗೆ ನಿರಾಸೆ ತರುವ ಉತ್ತರವಿದಾದ್ದರಿಂದ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಆರೋಗ್ಯ ಕರ್ನಾಟಕ ಯೋಜನೆ 2018ರ ಮಾರ್ಚ್‌ನಲ್ಲಿ ಆರಂಭವಾಗಿ, ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯೊಂದಿಗೆ ಸೇರಿಕೊಂಡಿತು. ಇದರ ಕಲ್ಪನೆಯೇ ಆಸ್ಪತ್ರೆಗೆ ದಾಖಲಾಗಬೇಕಾದ ದೊಡ್ಡ ಖರ್ಚಿನಿಂದ ಕುಟುಂಬವನ್ನು ಕಾಪಾಡುವುದು. ಹೃದಯದ ಶಸ್ತ್ರಚಿಕಿತ್ಸೆಯಾದರೆ ದಾಖಲಾತಿ, ಪ್ಯಾಕೇಜ್ (ಒಂದು ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ಮೊತ್ತ) ಸಂಖ್ಯೆ, ಬಿಡುಗಡೆ ಎಂಬ ಚೌಕಟ್ಟು ಸುಲಭವಾಗಿ ಹೊಂದುತ್ತದೆ. ಹಲ್ಲಿನ ಚಿಕಿತ್ಸೆ ಹಾಗಲ್ಲ. ಅದರಲ್ಲಿ ಬಹುಪಾಲು ಅರ್ಧ ಗಂಟೆ ಕುರ್ಚಿಯಲ್ಲಿ ಕೂತು, ಎದ್ದು ಮನೆಗೆ ನಡೆಯುವಂಥದ್ದು. ಈ ಕಾರಣದಿಂದಾಗಿ ದವಡೆಯ ಮೂಳೆ ಮುರಿದರೆ, ದವಡೆಯಲ್ಲಿ ಗಡ್ಡೆ ಬೆಳೆದರೆ, ದವಡೆಯ ಕೀಲು ಬಿಗಿದು ಬಾಯಿ ತೆರೆಯಲಾಗದಿದ್ದರೆ, ಬಾಯಿಯ ಕ್ಯಾನ್ಸರ್ ಬಂದರೆ ಯೋಜನೆಯ ಪ್ಯಾಕೇಜ್‌ಗಳಿವೆ. ಆದರೆ ಆ ಹಂತಕ್ಕೆ ಹೋಗದಂತೆ ತಡೆಯುವ ತುಂಬುವಿಕೆ, ರೂಟ್ ಕೆನಾಲ್‌ಗಳಿಗಾಗಿ ಈ ಕಾರ್ಡ್ ಹಿಡಿದು ಖಾಸಗಿ ಕ್ಲಿನಿಕ್ಕಿಗೆ ಹೋಗಲಾಗದು. ಸಣ್ಣದರಲ್ಲಿ ಮುಗಿಯುವುದಕ್ಕೆ ಹಣವಿಲ್ಲ, ದೊಡ್ಡದಾದ ಮೇಲೆ ಹಣವಿದೆ ಎಂಬ ಈ ಲೆಕ್ಕ ವಿಚಿತ್ರವೆಂದು ನನಗೂ ಅನ್ನಿಸುತ್ತದೆ. ಅಲ್ಲಿಯವರೆಗಿನ ಹೊರೆಯೆಲ್ಲ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಮೇಲೆ ಬೀಳುತ್ತದೆ, ಅಲ್ಲಿ ಈ ಕಾರ್ಡ್ ಬೇಕಾಗಿಯೂ ಇಲ್ಲ.

ಪ್ಯಾಕೇಜ್ ಇರುವ ಚಿಕಿತ್ಸೆಗಳಿಗೂ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಸೌಲಭ್ಯವಿಲ್ಲವೆಂದಾದರೆ ಶಿಫಾರಸು ಪತ್ರ ಪಡೆದು ಯೋಜನೆಗೆ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಸಂದರ್ಭಕ್ಕೆ ಮಾತ್ರ ಈ ಪತ್ರದಿಂದ ವಿನಾಯಿತಿ ಇದೆ. ಬೈಕ್ ಅಪಘಾತದಲ್ಲಿ ದವಡೆ ಮುರಿದವರ ಮನೆಯವರು ಪತ್ರಕ್ಕಾಗಿ ಊರಿನ ಆಸ್ಪತ್ರೆಗೆ ವಾಪಸ್ ಓಡುವ ಮೊದಲು, ದಾಖಲಾದ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು, ಅಂದರೆ ಯೋಜನೆಯ ಸಹಾಯಕರನ್ನು, ಕಾಣಬೇಕು.

ಬಿಪಿಎಲ್ ಕಾರ್ಡ್ ಇಲ್ಲದವರಿಗೆ ಏನೂ ಇಲ್ಲವೇ?

ಇದೆ. ಹೊರರೋಗಿ ವಿಭಾಗ ಎಲ್ಲರಿಗೂ ತೆರೆದಿರುತ್ತದೆ. ಚೀಟಿಗೆ, ಎಕ್ಸ್‌ರೇಗೆ, ಕೆಲವು ಚಿಕಿತ್ಸೆಗಳಿಗೆ ಬಳಕೆದಾರರ ಶುಲ್ಕವೆಂದು ಸಣ್ಣ ಮೊತ್ತ ಕೊಡಬೇಕಾಗಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ಇದ್ದರೆ, ಉಳಿದವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ.

ಸರ್ಕಾರಿ ಆಸ್ಪತ್ರೆಗೆ ಹೋದರೆ ಕೀಳಿಸಿಬಿಡಿ ಎನ್ನುತ್ತಾರೆ. ಖಾಸಗಿಯವರು ಉಳಿಸಬಹುದು ಎನ್ನುತ್ತಾರೆ. ಯಾರನ್ನು ನಂಬುವುದು?

ಇಬ್ಬರೂ ಸುಳ್ಳು ಹೇಳುತ್ತಿರಬೇಕಿಲ್ಲ. ಒಂದು ಹಲ್ಲನ್ನು ಕೀಳಲು ಅರಿವಳಿಕೆಯ ಇಂಜೆಕ್ಷನ್, ಇಕ್ಕಳ ಮತ್ತು ಹದಿನೈದು ನಿಮಿಷ ಸಾಕು. ಅದೇ ಹಲ್ಲನ್ನು ಉಳಿಸಬೇಕಾದರೆ ಎಕ್ಸ್‌ರೇ ತೆಗೆಯಬೇಕು, ಬೇರಿನ ಒಳಗಿನ ಕೂದಲೆಳೆಯಂಥ ನಾಳಗಳನ್ನು ಒಂದೊಂದಾಗಿ ಹುಡುಕಿ ಸ್ವಚ್ಛ ಮಾಡಬೇಕು, ರೋಗಿ ಎರಡು ಮೂರು ಬಾರಿ ಬರಬೇಕು, ಬಳಸಿ ಸವೆಯುವ ಸೂಜಿಗಳಂಥ ಸಲಕರಣೆಗಳು ಮತ್ತು ತುಂಬುವ ಸಾಮಗ್ರಿ ನಿರಂತರವಾಗಿ ಪೂರೈಕೆಯಾಗುತ್ತಿರಬೇಕು, ಕಡೆಗೆ ಕ್ಯಾಪ್ ಮಾಡಲು ಲ್ಯಾಬ್ ಇರಬೇಕು. ಒಬ್ಬ ವೈದ್ಯರು, ಒಂದು ಕುರ್ಚಿ, ಹೊರಗೆ ಉದ್ದನೆಯ ಸಾಲು ಇರುವ ಕಡೆ ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಕೆಲಸ ನಿಲ್ಲುತ್ತದೆ. ಕ್ಯಾಪ್ ಇಲ್ಲದೆ ಬಿಟ್ಟ ರೂಟ್ ಕೆನಾಲ್ ಹಲ್ಲು ಅಗಿಯುವಾಗ ಸೀಳಿಹೋಗುವ ಸಾಧ್ಯತೆಯೂ ಹೆಚ್ಚು. ಎರಡನೇ ಬಾರಿ ಬರುವ ಬಸ್ ಖರ್ಚೇ ಹೊರೆಯೆನ್ನುವ ರೋಗಿ ತಾನಾಗಿಯೇ ಕಿತ್ತುಬಿಡಿ ಎನ್ನುವುದೂ ಉಂಟು.

ಈ ಕಾರಣದಿಂದ ಕೇಳಬೇಕಾದ ಪ್ರಶ್ನೆಯನ್ನು ಬದಲಿಸಿಕೊಳ್ಳಬೇಕು. "ಇದನ್ನು ಕೀಳಲೇಬೇಕೇ" ಎನ್ನುವುದರ ಜೊತೆಗೆ, "ಉಳಿಸುವ ಸೌಲಭ್ಯವಿರುವ ಕಡೆಗೆ ಬರೆದುಕೊಡುತ್ತೀರಾ" ಎಂದೂ ಕೇಳಿ. ಬೇರು ಗಟ್ಟಿಯಾಗಿದ್ದು, ಹಲ್ಲಿನ ಗೋಡೆ ಉಳಿದಿದ್ದರೆ ಹೆಚ್ಚಿನ ವೈದ್ಯರು ದಂತ ಕಾಲೇಜಿಗೆ ಬರೆದುಕೊಡುತ್ತಾರೆ. ಬುಡವೇ ಅಲುಗಾಡುತ್ತಿದ್ದರೆ ಎಲ್ಲಿಗೆ ಹೋದರೂ ಉತ್ತರ ಒಂದೇ. ಇವೆರಡರ ನಡುವಿನ ಅಂತರ ಬಹಳ ಸಲ ಕೆಲವೇ ತಿಂಗಳುಗಳದ್ದು. ತಣ್ಣೀರು ಕುಡಿದಾಗ ಜುಮ್ಮೆನ್ನುವ ಹಂತದಲ್ಲಿ ಹೋದವರ ಹಲ್ಲು ತಾಲ್ಲೂಕು ಆಸ್ಪತ್ರೆಯಲ್ಲೇ, ಒಂದೇ ಭೇಟಿಯಲ್ಲಿ, ತುಂಬಿಸಿಕೊಂಡು ಉಳಿಯುತ್ತದೆ. ಕೆನ್ನೆ ಊದಿದ ಮೇಲೆ ಹೋದವರಿಗೆ ಆಯ್ಕೆ ಕಡಿಮೆ.

ದಂತ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕೈಯಾಡಿಸುತ್ತಾರಂತೆ. ಅದು ಸುರಕ್ಷಿತವೇ?

ದಂತವೈದ್ಯಕೀಯ ಪದವಿಯಲ್ಲಿ ನಾಲ್ಕು ವರ್ಷದ ವ್ಯಾಸಂಗದ ಮೇಲೆ ಒಂದು ವರ್ಷದ ತರಬೇತಿ ಇರುತ್ತದೆ. ಆಮೇಲೆ ಮೂರು ವರ್ಷದ ಸ್ನಾತಕೋತ್ತರ ಪದವಿ. ರೋಗಿಯ ಬಾಯಿಗೆ ಕೈಹಾಕುವ ಮೊದಲು ವಿದ್ಯಾರ್ಥಿಗಳು ಕೃತಕ ಹಲ್ಲುಗಳ ಮೇಲೆ ಅಭ್ಯಾಸ ಮಾಡಿರುತ್ತಾರೆ, ಪ್ರತಿ ಹಂತವನ್ನೂ ಬೋಧಕರು ನೋಡಿ ಸಹಿ ಹಾಕಿದ ಮೇಲೆಯೇ ಮುಂದಿನದು. ಕೆಲಸ ನಿಧಾನ, ಅದು ನಿಜ. ಖಾಸಗಿ ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವುದಕ್ಕೆ ಇಲ್ಲಿ ಇಡೀ ಬೆಳಗ್ಗೆ ಹೋಗಬಹುದು. ಆದರೆ ಸಂಕೀರ್ಣ ಹಲ್ಲುಗಳು ಸ್ನಾತಕೋತ್ತರ ವಿದ್ಯಾರ್ಥಿಗಳ ಇಲ್ಲವೇ ಬೋಧಕರ ಕೈಗೇ ಹೋಗುತ್ತವೆ.

ಮೊದಲ ದಿನದ ಕ್ರಮ ಗೊತ್ತಿದ್ದರೆ ಗೊಂದಲ ಕಡಿಮೆ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ನೇರವಾಗಿ ರೂಟ್ ಕೆನಾಲ್ ವಿಭಾಗಕ್ಕೆ ಹೋಗಲು ಬಿಡುವುದಿಲ್ಲ; ಮೊದಲು ಓರಲ್ ಮೆಡಿಸಿನ್ ವಿಭಾಗದಲ್ಲಿ ಇಡೀ ಬಾಯಿಯನ್ನು ಪರೀಕ್ಷಿಸಿ, ಎಕ್ಸ್‌ರೇ ಬರೆದು, ಅದನ್ನು ನೋಡಿ ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸುತ್ತಾರೆ. ಆದ್ದರಿಂದ ಮೊದಲ ದಿನವೇ ಚಿಕಿತ್ಸೆ ಮುಗಿಯುತ್ತದೆಂಬ ಲೆಕ್ಕದಲ್ಲಿ ದೂರದೂರಿನಿಂದ ಹೊರಡಬೇಡಿ. ಪರೀಕ್ಷೆಯ ಮತ್ತು ರಜೆಯ ದಿನಗಳಲ್ಲಿ ಕೆಲಸ ಇನ್ನೂ ನಿಧಾನ.

ಖಾಸಗಿ ದಂತ ಕಾಲೇಜುಗಳು ರಾಜ್ಯದಲ್ಲಿ ಬಹಳಷ್ಟಿವೆ. ಅವು ಸರ್ಕಾರಿ ವೆಚ್ಚದವಲ್ಲ. ಆದರೂ ಬೋಧನೆಗೆ ರೋಗಿಗಳು ಬೇಕಾದ್ದರಿಂದ ಅಲ್ಲಿನ ದರ ಸಾಮಾನ್ಯವಾಗಿ ಪೇಟೆಯ ಕ್ಲಿನಿಕ್ಕುಗಳಿಗಿಂತ ಬಹಳ ಕಡಿಮೆ.

ಅಜ್ಜಿಗೆ ಹಲ್ಲು ಕಟ್ಟಿಸಬೇಕು. ದಂತ ಭಾಗ್ಯ ಯೋಜನೆ ಎಂದರೇನು?

ಬಿಪಿಎಲ್ ಕುಟುಂಬದ, ಹಲ್ಲು ಉದುರಿದ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ ಕೊಡಲು ಕರ್ನಾಟಕ ಸರ್ಕಾರ 2014-15ರ ಸುಮಾರಿಗೆ ಆರಂಭಿಸಿದ ಯೋಜನೆಯಿದು. ಮೊದಲು 60 ವರ್ಷ ದಾಟಿದವರಿಗೆ ಎಂದಿದ್ದ ಮಿತಿಯನ್ನು ಆಮೇಲೆ 45ಕ್ಕೆ ಇಳಿಸಲಾಯಿತು. ತಂಬಾಕಿನಿಂದಲೋ ಒಸಡಿನ ರೋಗದಿಂದಲೋ ಐವತ್ತರೊಳಗೇ ಹಲ್ಲು ಕಳೆದುಕೊಳ್ಳುವ ಕೂಲಿಕಾರರನ್ನು ಕಂಡವರಿಗೆ ಈ ಬದಲಾವಣೆಯ ಬೆಲೆ ಗೊತ್ತಾಗುತ್ತದೆ. ಹಲ್ಲುಸೆಟ್ ತಯಾರಿಸುವ ಕೆಲಸವನ್ನು ದಂತ ಕಾಲೇಜುಗಳು ಮಾಡುತ್ತವೆ, ಖಾಸಗಿ ಕಾಲೇಜುಗಳೂ ಇದರಲ್ಲಿ ಪಾಲ್ಗೊಂಡಿವೆ. ಫಲಾನುಭವಿಗಳನ್ನು ಗುರುತಿಸಿ ಕಳುಹಿಸುವುದು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ದಂತ ವಿಭಾಗ. ಅನುದಾನದ ಹರಿವಿಗೆ ತಕ್ಕಂತೆ ಯೋಜನೆಯ ವೇಗ ಏರಿಳಿಯುತ್ತದಾದ್ದರಿಂದ, ಅಜ್ಜಿಯನ್ನು ಕರೆದುಕೊಂಡು ಹೊರಡುವ ಮೊದಲು ತಾಲ್ಲೂಕು ಆಸ್ಪತ್ರೆಯ ದಂತವೈದ್ಯರನ್ನು ಒಮ್ಮೆ ಕೇಳಿಕೊಳ್ಳಿ.

ಹಲ್ಲುಸೆಟ್ ಒಂದು ದಿನದ ಕೆಲಸವಲ್ಲ. ಒಸಡಿನ ಅಚ್ಚು ತೆಗೆಯುವುದು, ಎರಡನೇ ಬಾರಿ ಸೂಕ್ಷ್ಮವಾದ ಅಚ್ಚು, ಮೇಲಿನ ಕೆಳಗಿನ ದವಡೆಗಳು ಕೂಡುವ ಅಳತೆ, ಮೇಣದಲ್ಲಿ ಹಲ್ಲು ಜೋಡಿಸಿ ನೋಡುವುದು, ಕೊನೆಗೆ ಸಿದ್ಧವಾದ ಸೆಟ್ ಕೂರಿಸುವುದು, ಹೀಗೆ ನಾಲ್ಕೈದು ಭೇಟಿ ಬೇಕು. ಅಲುಗಾಡುವ ಹಲ್ಲುಗಳು ಉಳಿದಿದ್ದರೆ ಅವನ್ನು ತೆಗೆದು ಒಸಡು ಮಾಗುವವರೆಗೆ ಕೆಲವು ವಾರ ಕಾಯಬೇಕು. ಇನ್ನೊಂದು ಮಾತು: ಕಟ್ಟಿಸಿಕೊಂಡ ಹಲ್ಲು ಚುಚ್ಚುತ್ತದೆ ಎಂದು ಎರಡೇ ದಿನಕ್ಕೆ ಡಬ್ಬಿಗೆ ಹಾಕಿ ಬೀರುವಿನ ಮೇಲಿಡುವವರು ಬಹಳ. ಚುಚ್ಚುವ ಜಾಗವನ್ನು ಉಜ್ಜಿ ಸರಿಪಡಿಸುವುದು ಅದೇ ಚಿಕಿತ್ಸೆಯ ಭಾಗ, ಅದಕ್ಕಾಗಿ ಮತ್ತೆ ಹೋಗಲೇಬೇಕು. ಮೊದಲ ವಾರಗಳಲ್ಲಿ ಮುದ್ದೆ, ಗಂಜಿ, ಮೆತ್ತಗಿನ ಅನ್ನದಿಂದ ಆರಂಭಿಸಿ ನಿಧಾನಕ್ಕೆ ರೊಟ್ಟಿಗೆ ಬರಬೇಕು. ರಾತ್ರಿ ಮಲಗುವಾಗ ತೆಗೆದು ನೀರಿನಲ್ಲಿಡಬೇಕು.

ಮಕ್ಕಳಿಗೆ ಶಾಲೆಯಲ್ಲಿ ಹಲ್ಲಿನ ತಪಾಸಣೆ ಮಾಡಿದ್ದರು. ಮುಂದೇನು?

ಅದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವಾಗಿರುವ ಸಾಧ್ಯತೆ ಹೆಚ್ಚು. ಈ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬಂದು 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ಅವರ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ, ಸೀಳುತುಟಿ ಮತ್ತು ಸೀಳು ಅಂಗುಳವೂ ಇವೆ. ಸೀಳುತುಟಿಯ ಶಸ್ತ್ರಚಿಕಿತ್ಸೆಗೆ ಕಾರ್ಯಕ್ರಮದಡಿಯೇ ವ್ಯವಸ್ಥೆಯಿದೆ. ಹುಳುಕು ಹಲ್ಲಿನ ಮಕ್ಕಳಿಗೆ ಕೊಡುವ ಚೀಟಿ ಮಾತ್ರ ಅನೇಕ ಸಲ ಶಾಲೆಯ ಚೀಲದಲ್ಲೇ ಉಳಿದುಬಿಡುತ್ತದೆ. ಆ ಚೀಟಿಯೊಂದಿಗೆ ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದು ಪೋಷಕರ ಕೆಲಸ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯಿಂದ ಬಹಳ ನಷ್ಟವಾಗುತ್ತಿದೆ. ಸುಮಾರು ಆರನೇ ವಯಸ್ಸಿನಲ್ಲಿ, ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ ಒಂದು ದವಡೆಹಲ್ಲು ಮೂಡುತ್ತದೆ. ಹಲ್ಲು ಬಿದ್ದ ಜಾಗದಲ್ಲಿ ಬಂದದ್ದಲ್ಲವಾದ್ದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿದು, ಹುಳುಕಾದರೂ ಹೇಗೂ ಬಿದ್ದು ಹೊಸದು ಬರುತ್ತದೆ ಎಂದು ಬಿಟ್ಟುಬಿಡುತ್ತಾರೆ. ಅದು ಬಿದ್ದರೆ ಮತ್ತೆ ಬರುವ ಹಲ್ಲಲ್ಲ.

ಗರ್ಭಿಣಿಯರು ಹಲ್ಲಿನ ಚಿಕಿತ್ಸೆ ಮಾಡಿಸಿಕೊಳ್ಳಬಹುದೇ?

ಮಾಡಿಸಿಕೊಳ್ಳಬಹುದು. ನಾಲ್ಕರಿಂದ ಆರನೇ ತಿಂಗಳು ಅನುಕೂಲದ ಸಮಯ; ಬಾವು, ತೀವ್ರ ನೋವು ಇದ್ದರೆ ಯಾವ ತಿಂಗಳಾದರೂ ಹೋಗಬೇಕು. ತಾಯಿ ಕಾರ್ಡ್ ಜೊತೆಗಿರಲಿ.

ನಮ್ಮೂರಿನ ಮಕ್ಕಳ ಹಲ್ಲಿನ ಮೇಲೆಲ್ಲ ಕಂದು ಕಲೆ. ಇದಕ್ಕೆ ಸರ್ಕಾರದ ಯೋಜನೆ ಇದೆಯೇ?

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಕಡೆಯ ಕೊಳವೆಬಾವಿ ನೀರು ಕುಡಿದು ಬೆಳೆದ ಮಕ್ಕಳಲ್ಲಿ ಇದು ಫ್ಲೋರೈಡ್‌ನ ಕಲೆಯಾಗಿರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದೆಂದೂ, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಗರಿಷ್ಠ ಮಿತಿಯೆಂದೂ ಭಾರತೀಯ ಮಾನಕ ಹೇಳುತ್ತದೆ. ಹಲ್ಲಿನ ಹೊರಪದರ ರೂಪುಗೊಳ್ಳುವ ಎಳೆಯ ವರ್ಷಗಳಲ್ಲಿ ಬೀಳುವ ಕಲೆಯಿದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೆ ಇರುವ ಹೊರಪದರವೂ ಸವೆಯುತ್ತದೆ. 2008-09ರಿಂದ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಬರುವ ಈ ರೋಗ) ತಡೆ ಮತ್ತು ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ. ಬಾಧಿತ ಜಿಲ್ಲೆಗಳಲ್ಲಿ ನೀರಿನ ಪರೀಕ್ಷೆ, ರೋಗಿಗಳ ಗುರುತಿಸುವಿಕೆ ಅದರ ಕೆಲಸ. ಕಲೆಯನ್ನು ಮರೆಮಾಡುವ ಚಿಕಿತ್ಸೆ ದಂತ ಕಾಲೇಜುಗಳಲ್ಲಿದೆ. ಆದರೆ ನಿಜವಾದ ಚಿಕಿತ್ಸೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿದೆ. ನಾಣ್ಯ ಹಾಕಿ ನೀರು ತುಂಬಿಸಿಕೊಳ್ಳುವ ಆ ಯಂತ್ರ ಕೆಟ್ಟು ನಿಂತಿದ್ದರೆ ಪಂಚಾಯಿತಿಯ ಮೇಲೆ ಒತ್ತಡ ತರಬೇಕು. ಹುಟ್ಟಿದ ಮಗುವಿಗೆ ಅದು ಬೇಗ ಬೇಕು, ಹದಿನೈದು ವರ್ಷದ ಹುಡುಗನ ಹಲ್ಲಿಗೆ ತಡವಾಯಿತು.

ಅಡಿಕೆ, ಗುಟ್ಕಾ ಹಾಕುವ ಅಭ್ಯಾಸವಿದೆ. ಬಾಯಿ ಪೂರ್ತಿ ತೆರೆಯಲಾಗುತ್ತಿಲ್ಲ. ಎಲ್ಲಿಗೆ ಹೋಗಬೇಕು?

ತಡಮಾಡದೆ ಹತ್ತಿರದ ದಂತವೈದ್ಯರ ಬಳಿಗೆ ಹೋಗಬೇಕು. ಮಧ್ಯದ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ತೂರಿಸಲಾಗದಿದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿ ಗಡುಸಾಗಿದ್ದರೆ ಅದು ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿಯಾಗಿರಬಹುದು. ಎರಡು ವಾರಕ್ಕೂ ಮಾಗದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆಯೂ ಹಾಗೆಯೇ. 30 ವರ್ಷ ದಾಟಿದವರ ಬಾಯಿಯನ್ನು ಪರೀಕ್ಷಿಸುವುದು ಆಯುಷ್ಮಾನ್ ಆರೋಗ್ಯ ಮಂದಿರಗಳ ನಿಗದಿತ ಕೆಲಸಗಳಲ್ಲೊಂದು. ಟಾರ್ಚಿನ ಬೆಳಕಿನಲ್ಲಿ ಎರಡು ನಿಮಿಷದ್ದು, ಖರ್ಚಿಲ್ಲ, ಆದರೂ ಕೇಳಿ ಮಾಡಿಸಿಕೊಳ್ಳುವವರಿಲ್ಲ. ಸಂಶಯ ಬಂದರೆ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಂಥ ಕಡೆಗೆ ಕಳುಹಿಸುತ್ತಾರೆ. ಕ್ಯಾನ್ಸರ್ ಚಿಕಿತ್ಸೆಗೆ ಆಯುಷ್ಮಾನ್ ಕಾರ್ಡ್ ನಡೆಯುತ್ತದೆ.

ರಾಜ್ಯದಲ್ಲಿ ಗುಟ್ಕಾ 2013ರಿಂದ ನಿಷಿದ್ಧ. ಅಂಗಡಿಯಲ್ಲಿ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಜೋಡಿಯಾಗಿ ಸಿಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ತಂಬಾಕಿಲ್ಲದ ಬರೀ ಅಡಿಕೆ ನಿರಪಾಯವೆಂಬ ಮಾತೂ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡಿನಲ್ಲಿ, ತಾಂಬೂಲ ಕೊಡದೆ ಅತಿಥಿಯನ್ನು ಕಳುಹಿಸದ ಮನೆಗಳಲ್ಲಿ, ಇದನ್ನು ಹೇಳುವುದು ಮುಜುಗರದ ಕೆಲಸವೇ. ಬಿಡಬೇಕೆನ್ನುವವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ವ್ಯಸನ ಮುಕ್ತಿ ಕೇಂದ್ರಗಳಿವೆ.

ಗಾರ್ಮೆಂಟ್ಸ್‌ನಲ್ಲಿ ಕೆಲಸ. ಸಂಬಳದಲ್ಲಿ ಇಎಸ್ಐ ಕಡಿತವಾಗುತ್ತದೆ. ಹಲ್ಲಿಗೂ ಅದು ಬರುತ್ತದೆಯೇ?

ಬರುತ್ತದೆ. ಇಎಸ್ಐ ಎಂದರೆ ಕಾರ್ಮಿಕರ ರಾಜ್ಯ ವಿಮೆ. ಅದಕ್ಕೆ 2017ರಲ್ಲಿ ತಿಂಗಳ ವೇತನದ ಮಿತಿಯನ್ನು 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈನಿಂದ ನೌಕರರ ಪಾಲು ವೇತನದ ಶೇ 0.75, ಮಾಲೀಕರದು ಶೇ 3.25. ಇಎಸ್ಐ ಆಸ್ಪತ್ರೆಗಳ ದಂತ ವಿಭಾಗದಲ್ಲಿ ವಿಮಾದಾರರಿಗೂ ಅವರ ಅವಲಂಬಿತರಿಗೂ ಚಿಕಿತ್ಸೆ ಇದೆ. ತಿಂಗಳು ತಿಂಗಳು ಹಣ ಕಟ್ಟಿಯೂ, ರಜೆ ಸಿಗದ ಕಾರಣ ಸಂಜೆಯ ಖಾಸಗಿ ಕ್ಲಿನಿಕ್ಕಿಗೆ ಕೈಯಿಂದ ಹಣ ಕೊಡುವವರು ಸಾಕಷ್ಟಿದ್ದಾರೆ.

ಹಲ್ಲಿಗೆ ತಂತಿ ಹಾಕಿಸುವುದು, ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಕೃತಕ ಬೇರು) ಉಚಿತವೇ?

ಇವಕ್ಕೆ ಸಾರ್ವತ್ರಿಕವಾದ ಉಚಿತ ಯೋಜನೆ ಇಲ್ಲ. ಸರ್ಕಾರಿ ದಂತ ಕಾಲೇಜಿನಲ್ಲಿ ಸಾಮಗ್ರಿಯ ವೆಚ್ಚ ಕೊಟ್ಟು ಮಾಡಿಸಿಕೊಳ್ಳಬಹುದು, ತಂತಿಯ ಚಿಕಿತ್ಸೆಗೆ ಕಾಯುವ ಸಾಲು ಉದ್ದ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆಯೇ? ಸ್ವಚ್ಛ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಯೇ?

ಎರಡೂ ಇಲ್ಲ. ಹಲ್ಲಿಗೂ ದೃಷ್ಟಿಗೂ ಸಂಬಂಧವಿಲ್ಲ. ವರ್ಷಗಟ್ಟಲೆ ಕಟ್ಟಿದ ಪಾಚಿ ಹಲ್ಲುಗಳನ್ನು ಸಿಮೆಂಟಿನಂತೆ ಹಿಡಿದಿರುತ್ತದೆ. ಅದನ್ನು ತೆಗೆದಾಗ ಮೊದಲೇ ಸಡಿಲವಾಗಿದ್ದದ್ದು ಗೊತ್ತಾಗುತ್ತದೆ, ಅಷ್ಟೆ.

ಆಸ್ಪತ್ರೆಗೆ ಹೋಗುವಾಗ ಏನೇನು ಒಯ್ಯಬೇಕು?

ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿ ಮತ್ತು ಎಕ್ಸ್‌ರೇಗಳು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹಾಳೆ. ಸಕ್ಕರೆ ಕಾಯಿಲೆಯವರು ಇತ್ತೀಚಿನ ಪರೀಕ್ಷೆಯ ವರದಿ ಒಯ್ಯಬೇಕು, ಇಲ್ಲದಿದ್ದರೆ ಹಲ್ಲು ಕೀಳದೆ ವಾಪಸ್ ಕಳುಹಿಸುವ ಸಂಭವ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಾವಾಗಿಯೇ ನಿಲ್ಲಿಸಬಾರದು. ವೈದ್ಯರಿಗೆ ತಿಳಿಸಿದರೆ ಸಾಕು. ಬೆಳಗಿನ ತಿಂಡಿ ತಿಂದೇ ಹೋಗಿ. ಬೇರೆ ಜಿಲ್ಲೆಯ ರೇಷನ್ ಕಾರ್ಡ್ ಎಂಬ ಕಾರಣಕ್ಕೆ ಹೊರರೋಗಿ ಚಿಕಿತ್ಸೆ ನಿಲ್ಲುವುದಿಲ್ಲ.

ರಾತ್ರಿ ಹೊತ್ತು ತುರ್ತು ಬಂದರೆ?

ದಂತ ವಿಭಾಗ ಬಹುತೇಕ ಕಡೆ ಹಗಲು ಮಾತ್ರ. ಬರೀ ನೋವಾದರೆ ಬೆಳಗಿನವರೆಗೆ ಮಾತ್ರೆಯಲ್ಲಿ ತಳ್ಳಬಹುದು; ಗಲ್ಲಕ್ಕೆ ಲವಂಗ, ಸುಣ್ಣ, ಮಾತ್ರೆಯ ಪುಡಿ ಒತ್ತಿ ಸುಟ್ಟುಕೊಳ್ಳುವುದು ಬೇಡ. ಆದರೆ ಗದ್ದದ ಕೆಳಗೆ ಊತ ಹರಡುತ್ತಿದ್ದರೆ, ಜ್ವರದೊಂದಿಗೆ ನುಂಗಲು ಅಥವಾ ಉಸಿರಾಡಲು ಕಷ್ಟವಾಗುತ್ತಿದ್ದರೆ ಅದು ಜೀವಕ್ಕೆ ಅಪಾಯ. 108ಕ್ಕೆ ಕರೆ ಮಾಡಿ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಪೆಟ್ಟು ಬಿದ್ದು ಮಗುವಿನ ಶಾಶ್ವತ ಹಲ್ಲು ಇಡಿಯಾಗಿ ಕಿತ್ತುಬಂದರೆ, ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ತಲುಪಿಸಿದರೆ ಮತ್ತೆ ಕೂರಿಸುವ ಸಾಧ್ಯತೆ ಇರುತ್ತದೆ.

ವೈದ್ಯರಿಲ್ಲ, ಕುರ್ಚಿ ಕೆಟ್ಟಿದೆ, ಹೊರಗಿನಿಂದ ಸಾಮಗ್ರಿ ತರಲು ಹೇಳುತ್ತಾರೆ. ಯಾರಿಗೆ ದೂರು ಕೊಡಬೇಕು?

ಮೊದಲು ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಲಿಖಿತವಾಗಿ. ಅಲ್ಲಿ ಆಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ. 104 ಆರೋಗ್ಯ ಸಹಾಯವಾಣಿಯಲ್ಲೂ ದೂರು ದಾಖಲಿಸಬಹುದು. ವೈದ್ಯಕೀಯ ಕಾಲೇಜಿಗೆ ಸೇರಿದ ಜಿಲ್ಲಾ ಆಸ್ಪತ್ರೆಗಳು ಮತ್ತು ದಂತ ಕಾಲೇಜುಗಳು ಆರೋಗ್ಯ ಇಲಾಖೆಯ ಕೆಳಗಲ್ಲ, ವೈದ್ಯಕೀಯ ಶಿಕ್ಷಣ ಇಲಾಖೆಯ ಕೆಳಗೆ ಬರುತ್ತವೆ; ಈ ವ್ಯತ್ಯಾಸ ತಿಳಿಯದೆ ತಪ್ಪು ಕಚೇರಿಗೆ ಹೋದ ಅರ್ಜಿ ತಿಂಗಳುಗಟ್ಟಲೆ ಮೇಜಿನ ಮೇಲೆ ಕೂರುತ್ತದೆ. ದೂರಿನಲ್ಲಿ ದಿನಾಂಕ, ಚೀಟಿಯ ಸಂಖ್ಯೆ, ಯಾವ ಚಿಕಿತ್ಸೆ ಸಿಗಲಿಲ್ಲ ಎಂಬುದಷ್ಟನ್ನೇ ಬರೆದು, ಸ್ವೀಕೃತಿ ಪಡೆದುಕೊಳ್ಳಿ. ಕುರ್ಚಿಯ ಮೋಟಾರು ಕೆಟ್ಟು ಆರು ತಿಂಗಳಾದ ಕಡೆ ದುರಸ್ತಿಗೆ ಹಣ ಕೇಳಲು ಅಲ್ಲಿನ ದಂತವೈದ್ಯರಿಗೂ ಇಂಥದೊಂದು ಕಾಗದ ಬೇಕಾಗಿರುತ್ತದೆ.